‘ಗೆಲ್ಲಬೇಕಿತ್ತು’: ಐಸ್ ಹಾಕಿ ಅಭಿಮಾನಿಗಳ ಮಾತಿನಲ್ಲಿ ನಿರೀಕ್ಷೆಯ ವ್ಯಾಕರಣ

ಸಾರಾಂಶ

ಉತ್ತರ ಅಮೆರಿಕದ ಐಸ್ ಹಾಕಿ ಅಭಿಮಾನಿಗಳು ಪ್ಲೇಆಫ್ ಪಂದ್ಯಗಳನ್ನು ಚರ್ಚಿಸುವಾಗ ಮೂರು ಬಗೆಯ ತೀರ್ಪುಗಳನ್ನು ನೀಡುತ್ತಾರೆ: ಯಾರು ಮಿಂಚಿದರು, ಯಾರು ಸೋತರು, ಯಾವ ತಂಡ ತನ್ನ ಸಾಮರ್ಥ್ಯಕ್ಕೆ ತಕ್ಕಂತೆ ಆಡಲಿಲ್ಲ. ಈ ತೀರ್ಪುಗಳು ಯಾವ ಭಾಷಿಕ ರೂಪಗಳ ಮೂಲಕ ಸಿದ್ಧವಾಗುತ್ತವೆ ಎಂಬುದನ್ನು ಪ್ರಸ್ತುತ ಲೇಖನವು ಕನ್ನಡದ ಸಮಾನ ರೂಪಗಳೊಡನೆ ಹೋಲಿಸಿ ವಿವರಿಸುತ್ತದೆ. ಒಂದು ಘಟನೆಯನ್ನು ಒಬ್ಬರ ಸ್ವಭಾವವನ್ನಾಗಿ ಮಾರ್ಪಡಿಸುವ ಕೆಲಸದಲ್ಲಿ ವ್ಯಾಕರಣದ ಪಾಲು ಸಣ್ಣದಲ್ಲ ಎಂಬುದು ನಮ್ಮ ವಾದ.

1. ಪೀಠಿಕೆ

ಕ್ರೀಡಾಭಿಮಾನಿಯ ಮಾತನ್ನು ಭಾವಾವೇಶವೆಂದು ತಳ್ಳಿಹಾಕುವುದು ಸುಲಭ. ಆದರೆ ಆ ಮಾತಿನಲ್ಲಿ ಸಾಕ್ಷ್ಯವಿರುತ್ತದೆ, ಅನುಮಾನವಿರುತ್ತದೆ, ತೀರ್ಪಿರುತ್ತದೆ. ವಿಲಿಯಂ ಲಬೋವ್ ಅವರು 1972ರಲ್ಲಿ ಕಥನದ ಮೌಲ್ಯಮಾಪನವನ್ನು ವಿವರಿಸುತ್ತ ಒಂದು ಅಂಶವನ್ನು ತೋರಿಸಿಕೊಟ್ಟರು: ನಡೆದದ್ದನ್ನು ಹೇಳುವವರು ನಿಷೇಧ ರೂಪವನ್ನು ಬಳಸುವುದು ನಡೆಯಬೇಕಿದ್ದದ್ದು ನಡೆಯದೆ ಹೋದಾಗ. ‘ಅವನು ಗೋಲು ಹೊಡೆಯಲಿಲ್ಲ’ ಎಂಬ ವಾಕ್ಯಕ್ಕೆ ಅರ್ಥ ಬರುವುದು ಅವನು ಹೊಡೆಯುತ್ತಾನೆಂಬ ನಿರೀಕ್ಷೆ ಇದ್ದಾಗ ಮಾತ್ರ. ಪ್ರೇಕ್ಷಕರ ಸಾಲಿನಲ್ಲಿ ಕುಳಿತವನ ಬಗ್ಗೆ ಯಾರೂ ಹಾಗೆ ಹೇಳುವುದಿಲ್ಲ. ಅಭಿಮಾನಿಗಳ ಮಾತು ಇಂತಹ ನಿರೀಕ್ಷೆಗಳ ಮೇಲೆಯೇ ನಿಂತಿದೆ.

ಇಲ್ಲಿ ಉದಾಹರಿಸಿರುವ ಕನ್ನಡ ವಾಕ್ಯಗಳು ವಿವರಣೆಗಾಗಿ ನಾವೇ ರಚಿಸಿಕೊಂಡವು. ಯಾವುದೇ ವ್ಯಕ್ತಿಯ ಉಕ್ತಿಗಳಲ್ಲ. ಪಂದ್ಯಗಳ ವಿವರಗಳು ಮಾತ್ರ ವಾಸ್ತವದವು.

2. ಆಟದ ಚೌಕಟ್ಟು

ನ್ಯಾಷನಲ್ ಹಾಕಿ ಲೀಗ್‌ನಲ್ಲಿ 2021ರಿಂದ 32 ತಂಡಗಳಿವೆ. ಇವುಗಳಲ್ಲಿ 16 ತಂಡಗಳು ಪ್ಲೇಆಫ್‌ಗೆ ಅರ್ಹತೆ ಪಡೆಯುತ್ತವೆ. ಅಲ್ಲಿ ನಾಲ್ಕು ಸುತ್ತುಗಳು. ಪ್ರತಿ ಸುತ್ತೂ ಏಳು ಪಂದ್ಯಗಳ ಸರಣಿ. ಮೊದಲು ನಾಲ್ಕು ಪಂದ್ಯ ಗೆದ್ದ ತಂಡ ಮುಂದಕ್ಕೆ. ನಾಲ್ಕೂ ಸುತ್ತುಗಳನ್ನು ದಾಟಿದ ತಂಡಕ್ಕೆ ಸ್ಟ್ಯಾನ್ಲಿ ಕಪ್.

ಒಂದು ಸರಳ ಲೆಕ್ಕ. ಯಾವುದೇ ಎದುರಾಳಿಯ ವಿರುದ್ಧ ಪ್ರತಿ ಪಂದ್ಯವನ್ನು ಗೆಲ್ಲುವ ಸಂಭವನೀಯತೆ ಶೇ. 60 ಇರುವ ಒಂದು ಬಲಿಷ್ಠ ತಂಡವನ್ನು ಊಹಿಸಿಕೊಳ್ಳೋಣ. ಏಳು ಪಂದ್ಯಗಳ ಸರಣಿಯನ್ನು ಆ ತಂಡ ಗೆಲ್ಲುವ ಸಂಭವನೀಯತೆ ಸುಮಾರು ಶೇ. 71. ಇಂತಹ ನಾಲ್ಕು ಸರಣಿಗಳನ್ನು ಒಂದರ ಹಿಂದೊಂದರಂತೆ ಗೆಲ್ಲುವ ಸಂಭವನೀಯತೆ ಸುಮಾರು ಶೇ. 25. ಅಂದರೆ, ಎಲ್ಲರಿಗಿಂತ ಸ್ಪಷ್ಟವಾಗಿ ಮೇಲಿರುವ ತಂಡವೂ ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಬರಿಗೈಯಲ್ಲಿ ಮರಳುವುದೇ ಸಹಜ. ಆ ಮೂರೂ ವರ್ಷ ಅದನ್ನು ‘ನಿರೀಕ್ಷೆ ಹುಸಿಗೊಳಿಸಿದ ತಂಡ’ ಎಂದು ಕರೆಯುವುದೂ ಅಷ್ಟೇ ಸಹಜ. ಈ ಎರಡು ಸಹಜತೆಗಳ ನಡುವಿನ ಅಂತರವನ್ನು ಭಾಷೆ ಹೇಗೆ ತುಂಬುತ್ತದೆ ಎಂಬುದೇ ನಮ್ಮ ಪ್ರಶ್ನೆ.

3. ಗೆದ್ದೆವು, ಸೋತರು, ಹೋಯಿತು

ರಾಬರ್ಟ್ ಸಿಯಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನವು ಪ್ರಸಿದ್ಧವಾದುದು. ತಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದ ಪಂದ್ಯವನ್ನು ವಿವರಿಸುವಾಗ ವಿದ್ಯಾರ್ಥಿಗಳು ‘ನಾವು’ ಎಂಬ ಸರ್ವನಾಮವನ್ನು, ಸೋತ ಪಂದ್ಯವನ್ನು ವಿವರಿಸುವಾಗ ಬಳಸಿದ್ದಕ್ಕಿಂತ ಹೆಚ್ಚಾಗಿ ಬಳಸಿದರು. ಹಾಕಿ ಅಭಿಮಾನಿಯ ಮಾತಿಗೂ ಈ ಅವಲೋಕನ ದಾರಿ ತೋರುತ್ತದೆ.

(1) ಮೊದಲ ಪಂದ್ಯ ಗೆದ್ದೆವು.
(2) ಎರಡನೆಯದನ್ನು ಸೋತರು.
(3) ಮೂರನೆಯದೂ ಹೋಯಿತು.

ಇಂಗ್ಲಿಷಿನಲ್ಲಿ ಸರ್ವನಾಮವನ್ನು ಬಾಯಿಬಿಟ್ಟು ಹೇಳಬೇಕು. ಕನ್ನಡದಲ್ಲಿ ಸರ್ವನಾಮ ಲೋಪವಾದರೂ ಆಖ್ಯಾತಪ್ರತ್ಯಯ ಉಳಿಯುತ್ತದೆ. ಆದ್ದರಿಂದ (1) ಮತ್ತು (2)ರಲ್ಲಿ ಮಾತನಾಡುವವರು ತಂಡದ ಒಳಗಿದ್ದಾರೋ ಹೊರಗಿದ್ದಾರೋ ಎಂಬುದು ಕ್ರಿಯಾಪದದ ತುದಿಯಲ್ಲಿಯೇ ಗೊತ್ತಾಗುತ್ತದೆ. ಆದರೆ ಕನ್ನಡವು ಮೂರನೆಯ ಮಾರ್ಗವೊಂದನ್ನೂ ಕೊಡುತ್ತದೆ. (3)ರಲ್ಲಿ ಪಂದ್ಯವೇ ಕರ್ತೃ. ‘ಹೋಯಿತು’, ‘ಕೈತಪ್ಪಿತು’ ಎಂಬ ನಪುಂಸಕ ರೂಪಗಳಲ್ಲಿ ಸೋತವರು ಯಾರು ಎಂಬ ಪ್ರಶ್ನೆಯೇ ಏಳುವುದಿಲ್ಲ. ದುಃಖದಲ್ಲಿರುವ ಅಭಿಮಾನಿ ತನ್ನವರನ್ನು ‘ಅವರು’ ಎಂದು ದೂರ ಮಾಡದೆ, ‘ನಾವು’ ಎಂದು ಹೊಣೆಯನ್ನೂ ಹೊರದೆ ಮಾತನಾಡಲು ಇದು ಅವಕಾಶ ನೀಡುತ್ತದೆ.

ಇನ್ನೊಂದು ಅಂಶ. ತೆಲುಗಿನ ‘ಮನಮು’ ಮತ್ತು ‘ಮೇಮು’, ತಮಿಳಿನ ‘ನಾಮ್’ ಮತ್ತು ‘ನಾಂಗಳ್’ ರೂಪಗಳು ಕೇಳುಗರನ್ನು ಒಳಗೊಳ್ಳುವ ‘ನಾವು’ ಹಾಗೂ ಹೊರಗಿಡುವ ‘ನಾವು’ಗಳನ್ನು ಬೇರ್ಪಡಿಸುತ್ತವೆ. ಇಂದಿನ ಕನ್ನಡದಲ್ಲಿ ಈ ಭೇದವಿಲ್ಲ, ಇಂಗ್ಲಿಷಿನಲ್ಲಿಯೂ ಇಲ್ಲ. ಟೊರಾಂಟೊ ತಂಡದ ಅಭಿಮಾನಿ ಮಾಂಟ್ರಿಯಲ್ ತಂಡದ ಅಭಿಮಾನಿಯ ಎದುರಿನಲ್ಲಿ ‘ನಾವು ಗೆದ್ದೆವು’ ಎಂದರೆ ಕೇಳುಗನು ಹೊರಗೆ. ತನ್ನದೇ ತಂಡದ ಗೆಳೆಯನಿಗೆ ಹೇಳಿದರೆ ಒಳಗೆ. ಸಂದರ್ಭವೇ ಇದನ್ನು ನಿರ್ಣಯಿಸುತ್ತದೆ. ಬೆಂಗಳೂರಿನ ಕ್ರಿಕೆಟ್ ಅಭಿಮಾನಿಗಳ ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆ 2025ರಲ್ಲಿ ನಿಜವಾಗುವವರೆಗೆ ವರ್ಷಗಟ್ಟಲೆ ಚಲಾವಣೆಯಲ್ಲಿದ್ದುದಕ್ಕೆ ಅದರ ರಚನೆಯೂ ಒಂದು ಕಾರಣವಿರಬಹುದು: ಅದರಲ್ಲಿ ಕ್ರಿಯಾಪದವಿಲ್ಲ, ‘ನಮ್ದು’ ಎಂಬುದರೊಳಗೆ ಯಾರು ಬೇಕಾದರೂ ಸೇರಬಹುದು.

4. ‘ಬೇಕಿತ್ತು’ ಎಂಬುದರ ಮೂರು ನೆಲೆಗಳು

2013ರ ಮೊದಲ ಸುತ್ತಿನ ಏಳನೆಯ ಪಂದ್ಯದಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ತಂಡವು ಬಾಸ್ಟನ್ ಬ್ರೂಯಿನ್ಸ್ ವಿರುದ್ಧ ಕೊನೆಯ ಅವಧಿಯಲ್ಲಿ 4-1ರಿಂದ ಮುಂದಿತ್ತು. ಬಾಸ್ಟನ್ ಒಂದು ಗೋಲು ಹಿಂದಿರುಗಿಸಿತು. ಕೊನೆಯ ಒಂದೂವರೆ ನಿಮಿಷದೊಳಗೆ ಇನ್ನೆರಡು ಗೋಲು ಗಳಿಸಿ ಸಮ ಮಾಡಿಕೊಂಡಿತು. ಹೆಚ್ಚುವರಿ ಅವಧಿಯಲ್ಲಿ 5-4ರಿಂದ ಗೆದ್ದಿತು. 1967ರ ನಂತರ ಕಪ್ ಕಾಣದ ಟೊರಾಂಟೊದ ಅಭಿಮಾನಿಗೆ ಈ ಪಂದ್ಯದ ಬಗ್ಗೆ ಹೇಳಲು ಒಂದೇ ಮಾತು ಸಾಕು:

(4) ಗೆಲ್ಲಬೇಕಿತ್ತು.

ಈ ಒಂದು ರೂಪಕ್ಕೆ ಕನಿಷ್ಠ ಮೂರು ಅರ್ಥಗಳಿವೆ. ಮೊದಲನೆಯದು ಅನುಮಾನ: ಅಂಕಗಳನ್ನು ನೋಡಿದರೆ ಗೆಲುವೇ ಸಂಭವನೀಯವಾಗಿತ್ತು. ಎರಡನೆಯದು ಕರ್ತವ್ಯ: ಗೆಲ್ಲುವುದು ಅವರ ಹೊಣೆಯಾಗಿತ್ತು, ಅವರು ತಪ್ಪಿದರು. ಮೂರನೆಯದು ಬಯಕೆ: ಗೆದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಇಂಗ್ಲಿಷಿನ ‘ಶುಡ್ ಹ್ಯಾವ್ ವನ್’ ಎಂಬುದರಲ್ಲಿ ಮೊದಲೆರಡು ಅರ್ಥಗಳು ಒಂದೇ ರೂಪದಲ್ಲಿ ಕೂಡಿಕೊಂಡಿವೆ. ಕನ್ನಡದಲ್ಲಿ, ‘ಬೇಕು’ ಎಂಬುದರ ಮೂಲದಲ್ಲಿಯೇ ಇಚ್ಛೆಯ ಅರ್ಥವಿರುವುದರಿಂದ, ಮೂರನೆಯದೂ ಸೇರಿಕೊಳ್ಳುತ್ತದೆ. ‘ಗೆಲ್ಲಬಹುದಿತ್ತು’ ಎಂದಿದ್ದರೆ ಕರ್ತವ್ಯದ ಆರೋಪ ಬಹುಮಟ್ಟಿಗೆ ಇಳಿಯುತ್ತಿತ್ತು.

ಅಭಿಮಾನಿಗಳ ಎಷ್ಟೋ ಜಗಳಗಳು ಆಟದ ಬಗ್ಗೆ ಅಲ್ಲ, ‘ಬೇಕಿತ್ತು’ ಎಂಬುದರ ನೆಲೆಯ ಬಗ್ಗೆ ಎಂದು ನಮಗೆ ತೋರುತ್ತದೆ. ಒಬ್ಬನು ಅನುಮಾನದ ಅರ್ಥದಲ್ಲಿ ಹೇಳಿದ್ದನ್ನು ಮತ್ತೊಬ್ಬನು ಆರೋಪವೆಂದು ಕೇಳಿಸಿಕೊಳ್ಳುತ್ತಾನೆ. ಹೇಳಿದವನೂ ಮಾತಿನ ನಡುವೆ ಒಂದರಿಂದ ಇನ್ನೊಂದಕ್ಕೆ ಜಾರುತ್ತಾನೆ: ಗೆಲುವು ಸಂಭವನೀಯವಾಗಿತ್ತು, ಆದ್ದರಿಂದ ಸೋಲು ತಪ್ಪು. ಈ ‘ಆದ್ದರಿಂದ’ಕ್ಕೆ ತರ್ಕದ ಆಧಾರವಿಲ್ಲ, ಎರಡು ಅರ್ಥಗಳಿಗೂ ರೂಪ ಒಂದೇ ಆಗಿರುವುದೇ ಅದರ ಆಧಾರ.

‘ನಿರೀಕ್ಷೆಗೆ ತಕ್ಕಂತೆ ಆಡಲಿಲ್ಲ’ ಎಂಬ ಮಾತಿನ ಸ್ಥಿತಿಯೂ ಇದೇ. ಇಲ್ಲಿ ನಿರೀಕ್ಷೆಯ ಅಸ್ತಿತ್ವವು ಹೇಳದೆಯೇ ಒಪ್ಪಿಕೊಂಡ ಸಂಗತಿ. ‘ಇಲ್ಲ, ತಕ್ಕಂತೆಯೇ ಆಡಿದರು’ ಎಂದು ನಿರಾಕರಿಸಿದರೂ ನಿರೀಕ್ಷೆ ಹಾಗೆಯೇ ಉಳಿಯುತ್ತದೆ. ‘ನಿರೀಕ್ಷಿಸು’ ಎಂಬ ಕ್ರಿಯೆಗೆ ಕರ್ತೃ ಬೇಕು. ‘ನಿರೀಕ್ಷೆ’ ಎಂಬ ನಾಮಪದಕ್ಕೆ ಬೇಡ. ಯಾರ ನಿರೀಕ್ಷೆ, ಯಾವ ಆಧಾರದ ನಿರೀಕ್ಷೆ ಎಂದು ಕೇಳಲು ವಾಕ್ಯದಲ್ಲಿ ಸ್ಥಳವೇ ಇರುವುದಿಲ್ಲ.

5. ಗಂಟಲು, ಕಾಲು, ಕೈ

ಮುಂದಿದ್ದು ಸೋತವರ ಬಗ್ಗೆ ಇಂಗ್ಲಿಷ್ ಅಭಿಮಾನಿಗಳು ಬಳಸುವ ಮುಖ್ಯ ಪದ ‘ಚೋಕ್’, ಅಂದರೆ ಗಂಟಲು ಕಟ್ಟುವುದು. ಕನ್ನಡದ ಕ್ರೀಡಾಪುಟಗಳು ಇದೇ ಸಂದರ್ಭದಲ್ಲಿ ‘ಮುಗ್ಗರಿಸು’, ‘ಎಡವು’, ‘ಕೈಚೆಲ್ಲು’ ಎನ್ನುತ್ತವೆ. ರೂಪಕಗಳ ನೆಲೆ ಮೂರರಲ್ಲೂ ದೇಹವೇ. ಆದರೆ ಹೊಣೆಯ ಹಂಚಿಕೆ ಬೇರೆ. ಗಂಟಲು ಕಟ್ಟುವುದು ಒಳಗಿನಿಂದ; ಅದಕ್ಕೆ ಭಯವೇ ಕಾರಣವೆಂಬ ಸೂಚನೆ ಪದದಲ್ಲಿಯೇ ಇದೆ. ಎಡವಲು ದಾರಿಯಲ್ಲಿ ಕಲ್ಲೊಂದು ಬೇಕು. ನಡೆಯುವವರೆಲ್ಲರೂ ಒಮ್ಮೆ ಎಡವಬಹುದು. ಕೈಚೆಲ್ಲುವುದರಲ್ಲಿ ಮಾತ್ರ ಕೈಯಲ್ಲಿದ್ದುದನ್ನು ತಾವೇ ಬಿಟ್ಟ ಆರೋಪವಿದೆ.

ಕನ್ನಡದ ಸಹಾಯಕ ಕ್ರಿಯಾಪದಗಳು ಇನ್ನೂ ಸೂಕ್ಷ್ಮ. 2022-23ರಲ್ಲಿ ಬಾಸ್ಟನ್ 82 ಪಂದ್ಯಗಳಲ್ಲಿ 65 ಗೆಲುವು ಮತ್ತು 135 ಅಂಕಗಳೊಂದಿಗೆ ಲೀಗ್ ದಾಖಲೆಗಳನ್ನು ನಿರ್ಮಿಸಿತು. ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ, 92 ಅಂಕಗಳಿಂದ ಅರ್ಹತೆ ಪಡೆದಿದ್ದ ಫ್ಲಾರಿಡಾ ಪ್ಯಾಂಥರ್ಸ್ ವಿರುದ್ಧ 3-1ರಿಂದ ಮುಂದಿದ್ದೂ, ಏಳನೆಯ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಹೊರಬಿದ್ದಿತು.

(5) ಬಾಸ್ಟನ್ ಸೋತಿತು.
(6) ಬಾಸ್ಟನ್ ಸೋತುಬಿಟ್ಟಿತು.
(7) ಬಾಸ್ಟನ್ ಸೋತುಹೋಯಿತು.
(8) ಫ್ಲಾರಿಡಾ ಗೆದ್ದುಬಿಟ್ಟಿತು.

(5) ವರದಿ. (6) ಮತ್ತು (8)ರಲ್ಲಿ ‘ಬಿಡು’ ಕ್ರಿಯೆಯ ಪೂರ್ಣತೆಯೊಂದಿಗೆ ನಿರೀಕ್ಷೆಯ ಭಂಗವನ್ನೂ ಸೂಚಿಸುತ್ತದೆ. ಗೆಲುವಿಗೂ ಸೋಲಿಗೂ ಅದು ಸಮಾನವಾಗಿ ಅನ್ವಯಿಸುತ್ತದೆ. (7)ರ ‘ಹೋಗು’ ಘಟನೆಯನ್ನು ಸೋತವರ ಹತೋಟಿಯ ಆಚೆಗೆ ಇರಿಸುತ್ತದೆ. ಅಲ್ಲಿ ಮರುಕವೂ ಉಂಟು. ಇಂಗ್ಲಿಷ್ ಅಭಿಮಾನಿ ಪದವನ್ನೇ ಬದಲಿಸಿ ತೋರಿಸಬೇಕಾದ ನಿಲುವನ್ನು ಕನ್ನಡಿಗರು ಸಹಾಯಕ ಕ್ರಿಯಾಪದದಿಂದ ತೋರಿಸಬಲ್ಲರು.

6. ಸೋತವರು ಮತ್ತು ಸೋಲುವವರು

ಘಟನೆ ಸ್ವಭಾವವಾಗುವ ಘಟ್ಟ ಇದು. ‘ಚೋಕ್’ ಎಂಬ ಕ್ರಿಯೆಯಿಂದ ‘ಚೋಕರ್’ ಎಂಬ ನಾಮಪದ ಹುಟ್ಟಿದ ಕೂಡಲೇ ಕಾಲ ಮರೆಯಾಗುತ್ತದೆ. ಅದು ಎಂದು ನಡೆಯಿತು, ಎಷ್ಟು ಬಾರಿ ನಡೆಯಿತು ಎಂಬುದು ಆ ಪದದಲ್ಲಿ ಇಲ್ಲ. ಕನ್ನಡದ ಕೃದಂತ ನಾಮಗಳು ಇಲ್ಲಿ ಬೇರೆಯಾಗಿ ವರ್ತಿಸುತ್ತವೆ: ‘ಸೋತವರು’ ಎಂದರೆ ಭೂತಕಾಲದ ಒಂದು ಘಟನೆ, ‘ಸೋಲುವವರು’ ಎಂದರೆ ರೂಢಿ, ಸ್ವಭಾವ. ಹೇಳುವವರು ಎರಡರಲ್ಲಿ ಒಂದನ್ನು ಆರಿಸಲೇಬೇಕು. ಆರಿಸಿದಾಗ ತಮ್ಮ ಸಾಕ್ಷ್ಯ ಎಷ್ಟೆಂಬುದೂ ಬಯಲಾಗುತ್ತದೆ.

ಟಾಂಪಾ ಬೇ ಲೈಟ್ನಿಂಗ್ ತಂಡದ ಇತಿಹಾಸ ಇದಕ್ಕೆ ತಕ್ಕ ನಿದರ್ಶನ. 2018-19ರಲ್ಲಿ 62 ಪಂದ್ಯ ಗೆದ್ದ ಆ ತಂಡ ಮೊದಲ ಸುತ್ತಿನಲ್ಲಿ ಕೊಲಂಬಸ್ ಬ್ಲೂ ಜಾಕೆಟ್ಸ್ ವಿರುದ್ಧ ಒಂದೂ ಪಂದ್ಯ ಗೆಲ್ಲದೆ 4-0ಯಿಂದ ಸೋತಿತು. ಮೊದಲ ಪಂದ್ಯದಲ್ಲಿ 3-0 ಮುನ್ನಡೆಯಿದ್ದೂ ಉಳಿಸಿಕೊಳ್ಳಲಿಲ್ಲ. ಮರುವರ್ಷ ಅದೇ ಕೊಲಂಬಸ್ ಎದುರಾಯಿತು, ಮೊದಲ ಪಂದ್ಯ ಐದನೆಯ ಹೆಚ್ಚುವರಿ ಅವಧಿಯವರೆಗೂ ಎಳೆಯಿತು, ಟಾಂಪಾ ಗೆದ್ದಿತು. ಆ ವರ್ಷವೂ ಅದರ ಮುಂದಿನ ವರ್ಷವೂ ಕಪ್ ಟಾಂಪಾದ ಪಾಲಾಯಿತು. ತರಬೇತುದಾರ ಜಾನ್ ಕೂಪರ್ ಅವರೇ. ಕುಚೆರೋವ್, ಹೆಡ್ಮನ್, ಪಾಯಿಂಟ್, ಗೋಲ್‌ಕೀಪರ್ ವಸಿಲೆವ್ಸ್ಕಿ ಅವರೇ. 2019ರಲ್ಲಿ ಇವರನ್ನು ‘ಸೋಲುವವರು’ ಎಂದಿದ್ದರೆ ಅದು ಕೇವಲ ಒಂದು ವರ್ಷ ಬಾಳುವ ವ್ಯಾಕರಣವಾಗುತ್ತಿತ್ತು. ‘ಸೋತವರು’ ಎಂಬುದು ಇಂದಿಗೂ ಸತ್ಯ.

7. ‘ಸೋತರೂ ಶ್ರೇಷ್ಠ’, ‘ಶ್ರೇಷ್ಠನಾದರೂ ಸೋತ’

ಪ್ಲೇಆಫ್‌ನ ಅತ್ಯುತ್ತಮ ಆಟಗಾರನಿಗೆ 1965ರಿಂದ ಕಾನ್ ಸ್ಮೈಥ್ ಟ್ರೋಫಿ ನೀಡಲಾಗುತ್ತಿದೆ. ಸೋತ ತಂಡದವರಿಗೆ ಅದು ಸಂದದ್ದು ಬಹು ವಿರಳ. 2003ರಲ್ಲಿ ಗೋಲ್‌ಕೀಪರ್ ಜಿಗೇರ್ ಅವರಿಗೆ ಸಂದಿತ್ತು. 2024ರಲ್ಲಿ ಎಡ್ಮಂಟನ್ ಆಯ್ಲರ್ಸ್ ತಂಡದ ಕಾನರ್ ಮೆಕ್‌ಡೇವಿಡ್ ಅವರಿಗೆ. ಆ ಪ್ಲೇಆಫ್‌ನಲ್ಲಿ ಮೆಕ್‌ಡೇವಿಡ್ 42 ಅಂಕ ಗಳಿಸಿದ್ದರು. ಫೈನಲ್‌ನಲ್ಲಿ 0-3ರಿಂದ ಹಿಂದಿದ್ದ ತಂಡ 3-3ಕ್ಕೆ ಬಂದು, ಏಳನೆಯ ಪಂದ್ಯವನ್ನು ಫ್ಲಾರಿಡಾಕ್ಕೆ 2-1ರಿಂದ ಸೋತಿತು. ಪ್ರಶಸ್ತಿ ಸ್ವೀಕರಿಸಲು ಅವರು ಅಂಗಳಕ್ಕೆ ಮರಳಲಿಲ್ಲ.

(9) ಸೋತರೂ ಅವನೇ ಶ್ರೇಷ್ಠ.
(10) ಶ್ರೇಷ್ಠನಾದರೂ ಸೋತ.

ಎರಡರಲ್ಲೂ ಸಂಗತಿಗಳು ಒಂದೇ. ಕನ್ನಡ ವಾಕ್ಯದ ಭಾರ ಕೊನೆಯ ಪದದ ಮೇಲೆ ಬೀಳುವುದರಿಂದ, ‘-ಊ’ ಪ್ರತ್ಯಯದೊಂದಿಗೆ ಹಿಂದೆ ಸರಿದದ್ದು ಒಪ್ಪಿಗೆಯಾಗುತ್ತದೆ, ಕೊನೆಯಲ್ಲಿ ನಿಂತದ್ದು ತೀರ್ಪಾಗುತ್ತದೆ. (9)ರ ‘-ಏ’ ಅವಧಾರಣೆ ಉಳಿದವರೆಲ್ಲರನ್ನೂ ಪಕ್ಕಕ್ಕಿಡುತ್ತದೆ. ಆಟಗಾರನನ್ನು ಮೆಚ್ಚುವವರೂ ಹಳಿಯುವವರೂ ಬೇರೆ ಬೇರೆ ಸಾಕ್ಷ್ಯ ತರಬೇಕಾಗಿಲ್ಲ. ಉಪವಾಕ್ಯಗಳ ಕ್ರಮ ಬದಲಿಸಿದರೆ ಸಾಕು.

8. ಸಮಾರೋಪ

ಅಭಿಮಾನಿಗಳು ಭಾವನೆಯನ್ನು ಬಿಟ್ಟು ಲೆಕ್ಕ ಹಿಡಿಯಬೇಕೆಂದು ನಾವು ಹೇಳುತ್ತಿಲ್ಲ. ನಿರೀಕ್ಷೆ ಇಲ್ಲದ ಕಡೆ ಆಟ ನೋಡುವ ಸುಖವೂ ಇಲ್ಲ. ನಮ್ಮ ಅವಲೋಕನ ಇಷ್ಟೇ: ಸರ್ವನಾಮ ಹೊಣೆಯನ್ನು ಹಂಚುತ್ತದೆ, ‘ಬೇಕಿತ್ತು’ ಸಂಭವವನ್ನು ಕರ್ತವ್ಯವಾಗಿಸುತ್ತದೆ, ನಾಮಪದ ಘಟನೆಯನ್ನು ಸ್ವಭಾವವಾಗಿಸುತ್ತದೆ. ಇವು ಹಾಕಿಗೆ ಸೀಮಿತವಲ್ಲ. ಪರೀಕ್ಷೆಯಲ್ಲಿ ಒಮ್ಮೆ ಅನುತ್ತೀರ್ಣನಾದ ವಿದ್ಯಾರ್ಥಿಯನ್ನು ‘ಫೇಲಾದವನು’ ಎನ್ನುವುದಕ್ಕೂ ‘ಫೇಲಾಗುವವನು’ ಎನ್ನುವುದಕ್ಕೂ ಇರುವ ಅಂತರ ಒಂದು ಕಾಲಪ್ರತ್ಯಯದ್ದು. ಆ ವಿದ್ಯಾರ್ಥಿಗೆ ಅದು ಮುಂದಿನ ವರ್ಷದ ಅಂತರ. ಹಾಕಿ ತಂಡಕ್ಕಾದರೆ ಮರುವರ್ಷ ಮತ್ತೊಂದು ಪ್ಲೇಆಫ್ ಇರುತ್ತದೆ. ಎಲ್ಲರಿಗೂ ಅಂತಹ ಅವಕಾಶ ದೊರೆಯದಿರುವುದರಿಂದ, ತೀರ್ಪು ನೀಡುವ ಮುನ್ನ ನಮ್ಮ ವಾಕ್ಯದ ಕಾಲವನ್ನು ಒಮ್ಮೆ ಪರಿಶೀಲಿಸಿಕೊಳ್ಳುವುದು ಉಚಿತ.