ಗೌರಮ್ಮನ ಮಾಡುವ ಕೈಗೆ ತುರಿಕೆ ಯಾಕೆ?

ಗೌರಿ ಹಬ್ಬ ಬಂದರೆ ವೇಮಗಲ್ ಕಡೆ ನಾವು ಹೆಂಗಸರು ಕೆರೆ ಮಣ್ಣು ತರ್ತೀವಿ. ಮನೆಯಲ್ಲೇ ಗೌರಮ್ಮನ್ನ, ಗಣಪನ್ನ ಮಾಡ್ತೀವಿ.

ಹೋದ ವರ್ಷ ನಮ್ಮ ಜೊತೆಯ ಅಕ್ಕ ಒಬ್ಬಳ ಕೈಯೆಲ್ಲಾ ಕೆಂಪಾಯ್ತು. ಗುಳ್ಳೆ ಎದ್ದವು. ರಾತ್ರಿಯೆಲ್ಲಾ ತುರಿಕೆ. 'ದೇವರ ಮಣ್ಣು ಮುಟ್ಟಿ ಹೀಗಾಯ್ತಾ?' ಅಂತ ಆಕೆ ಹೆದರಿದಳು.

ದೇವರ ಸಿಟ್ಟಲ್ಲ. ಮಣ್ಣಿನ ತಪ್ಪೂ ಅಲ್ಲ. ಒಣಗಿದ ಕೆರೆಯಲ್ಲಿ ಆಕೆ ಬರಿಗೈಲಿ ಕಾಂಗ್ರೆಸ್ ಗಿಡ ಕಿತ್ತಿದ್ದಳು. ಬಿಳಿ ಹೂವಿನ ಈ ಗಿಡಕ್ಕೆ ಪಾರ್ಥೇನಿಯಂ ಅಂತಾರೆ. ಹೊರದೇಶದ ಕಳೆ ಇದು. 1950ರ ದಶಕದಲ್ಲಿ ಪುಣೆ ಕಡೆ ಕಾಣಿಸಿಕೊಂಡಿತು. ಈಗ ಇಲ್ಲದ ಊರೇ ಇಲ್ಲ.

ಒಬ್ಬರಿಗೆ ಏನೂ ಮಾಡದ ವಸ್ತು ಇನ್ನೊಬ್ಬರ ಮೈಗೆ ಆಗಿಬರಲ್ಲ. ಇದೇ ಅಲರ್ಜಿ. ಮುಟ್ಟಿ ಮುಟ್ಟಿ ಒಂದು ದಿನ ಶುರುವಾಗುತ್ತೆ. 'ಇಷ್ಟು ವರ್ಷ ಏನೂ ಆಗಿಲ್ಲವಲ್ಲ' ಅನ್ನುವ ಮಾತು ಇಲ್ಲಿ ನಡೆಯಲ್ಲ.

ಮಣ್ಣು ಹೇಗೆ ತರಬೇಕು? ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಗಿಡ ಕೀಳಿ. ಮೇಲಿನ ಮಣ್ಣು ಬಿಡಿ. ಒಂದು ಮೊಳ ಕೆಳಗಿನದು ಅಗೆಯಿರಿ. ಬೇರು, ಕಡ್ಡಿ ಆರಿಸಿ. ಜರಡಿ ಹಿಡಿಯುವಾಗ ಮೂಗಿಗೆ ಸೆರಗು ಕಟ್ಟಿ.

ಅಂಟಿಗೆ ಹುಣಸೆ ಬೀಜ ಒಳ್ಳೇದು. ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ ಕುದಿಸಬೇಕು. ಕೊಪ್ಪಳದ ಕಿನ್ನಾಳದಲ್ಲಿ ಗೊಂಬೆ ಮಾಡುವವರೂ ಈ ಅಂಟು ಬಳಸ್ತಾರೆ. ಮನೆಯಲ್ಲಿ ಯಾರಿಗಾದರೂ ಕಡ್ಲೆಕಾಯಿ ಆಗಲ್ಲ ಅಂದರೆ ಅದರ ಸಿಪ್ಪೆ ಮಣ್ಣಿಗೆ ಬೆರೆಸಬೇಡಿ.

ಸಿಮೆಂಟ್ ಬೇಡ. ಅದರಲ್ಲಿ ಕ್ರೋಮಿಯಂ ಇರುತ್ತೆ. ಗಾರೆ ಕೆಲಸದವರ ಕೈ ಬಿರಿಯೋದು ನಾವು ನೋಡಿದ್ದೀವಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ನೀರು ಬಿದ್ದರೆ ಬಿಸಿಯಾಗಿ ಕೈ ಸುಡಬಹುದು. ಅದರ ಮೂರ್ತಿ ಬೇಡ ಅಂತ 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಹೇಳಿದೆ.

ಬಣ್ಣಕ್ಕೆ ಅರಿಶಿನ, ಇದ್ದಿಲು ಸಾಕು. ಅರಿಶಿನಕ್ಕೆ ಸುಣ್ಣ ಬೆರೆತರೆ ಕೆಂಪು ಬರುತ್ತೆ. ಸುಣ್ಣ ಕಡ್ಡಿಯಲ್ಲೇ ಕಲಸಿ. ಮನೇದು ಅಂತ ಪೂರ್ತಿ ನಂಬಬೇಡಿ, ಅರಿಶಿನವೂ ಕೆಲವರಿಗೆ ಆಗಲ್ಲ. ಅರಿಶಿನ ನೀರನ್ನು ಮೊಣಕೈ ಒಳಮಡಿಕೆಗೆ ಒಂದು ಬೊಟ್ಟು ಹಚ್ಚಿ, ಎರಡು ದಿನ ನೋಡಿ. ಅಂಗಡಿ ಪೇಂಟನ್ನು ಮಾತ್ರ ಹೀಗೆ ಮೈಗೆ ಹಚ್ಚಿ ನೋಡಬೇಡಿ.

ಗುಳ್ಳೆ ಎದ್ದರೆ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಕೆರೆಯಬೇಡಿ. ಆಸ್ಪತ್ರೆಗೆ ಹೋಗಿ. ಮುಖ, ತುಟಿ ಊದಿದರೆ, ಉಸಿರು ಕಟ್ಟಿದರೆ ಕೂಡಲೇ 108ಕ್ಕೆ ಫೋನ್ ಮಾಡಿ.

ಈ ಸಲ ಆ ಅಕ್ಕ ಕೆರೆಗೆ ಬರಲ್ಲ. ನಾವೇ ಮಣ್ಣು ಸೋಸಿ ಕೊಡ್ತೀವಿ. ಗೌರಮ್ಮನ ಮುಖ ಮಾತ್ರ ಆಕೆಯೇ ತಿದ್ದಬೇಕು. ಅಷ್ಟು ಚೆಂದ ನಮಗೆ ಯಾರಿಗೂ ಬರಲ್ಲ.