ಪುಸ್ತಕದಲ್ಲಿಲ್ಲದ ಉತ್ತರ

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಒಂದು ಹುಣಸೆಯ ತೋಪಿದೆ. ಸುಮಾರು 54 ಎಕರೆ ನೆಲ, ಮುನ್ನೂರರಷ್ಟು ಮರಗಳು. ಕೆಲವಂತೂ ಕಾಂಡ ಸೀಳಿ, ಒಡಲು ಟೊಳ್ಳಾಗಿಯೂ ಹಸುರು ಹೊತ್ತು ನಿಂತಿವೆ. ಇವು ಚೋಳರ ಕಾಲದವೆಂದು ಜನರ ನಂಬಿಕೆ. 2007ರಲ್ಲಿ ಈ ತೋಪು ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು.

ಇಂಥಲ್ಲಿಗೆ ಶಾಲೆಯ ಮಕ್ಕಳು ಪ್ರವಾಸ ಬಂದರೆ ಆಗುವುದೇನು? ಬುತ್ತಿ ಬಿಚ್ಚಿ ಉಣ್ಣುತ್ತಾರೆ. ಮರುದಿನ ಒಂದು ಪುಟದ ಪ್ರಬಂಧ ಬರೆಯುತ್ತಾರೆ. ಆದರೆ ಅವರಲ್ಲೊಬ್ಬಳು, “ಮೇಷ್ಟ್ರೇ, ಇಷ್ಟೊಂದು ಮುದಿಮರಗಳಿವೆ, ಇವುಗಳ ಮರಿಗಳೆಲ್ಲಿ?” ಎಂದು ಕೇಳಿದಳೆನ್ನೋಣ. ಇದಕ್ಕೆ ಉತ್ತರ ಪಠ್ಯಪುಸ್ತಕದಲ್ಲಿಲ್ಲ. ಸಂಶೋಧನೆ ಮೊದಲಾಗುವುದು ಅಲ್ಲಿಯೇ.

ಊಹೆಗಳು ಹಲವು. ಎಳೆಯ ಸಸಿಗಳನ್ನು ಮೇಕೆಗಳು ಮೇಯುತ್ತಿರಬಹುದು. ದಟ್ಟ ನೆರಳಿನಲ್ಲಿ ಅವು ಬಾಳದಿರಬಹುದು. ಹಣ್ಣನ್ನೆಲ್ಲ ಜನರು ಆಯ್ದೊಯ್ದು, ಬೀಜ ನೆಲ ಸೇರದೆಯೇ ಇರಬಹುದು. ಅರಣ್ಯ ಇಲಾಖೆಯ ಅನುಮತಿ ಪಡೆದು, ಮರದಡಿಯಲ್ಲೂ ಬಯಲಿನಲ್ಲೂ ಸಮ ಅಳತೆಯ ಚೌಕಗಳನ್ನು ಹಗ್ಗದಿಂದ ಗುರುತಿಸಿ, ಮಳೆಗಾಲದಲ್ಲೊಮ್ಮೆ ಬೇಸಗೆಯಲ್ಲೊಮ್ಮೆ ಸಸಿಗಳನ್ನು ಎಣಿಸಿದರೆ ಯಾವ ಊಹೆ ನಿಲ್ಲುವುದು, ಯಾವುದು ಬೀಳುವುದು ಎಂಬುದರ ಸುಳಿವು ಸಿಗುತ್ತದೆ. ಬೇಕಾದ ಉಪಕರಣಗಳು ಅಳತೆಪಟ್ಟಿ, ಹಗ್ಗ ಮತ್ತು ದಿನಾಂಕ ಬರೆದಿಟ್ಟ ಒಂದು ನೋಟುಪುಸ್ತಕ, ಇಷ್ಟೇ.

ವಿಜ್ಞಾನವೇ ಆಗಬೇಕೆಂದಿಲ್ಲ. ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ 9ನೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಶಾಸನಗಳೆಲ್ಲ ಅದರಲ್ಲಿವೆ. ಅದರಲ್ಲಿ ಹೇಳಿರುವ ನಮ್ಮೂರ ಕಲ್ಲು ಇಂದೂ ಇದೆಯೇ? ಬಟ್ಟೆ ಒಗೆಯುವ ಚಪ್ಪಡಿಯಾಯಿತೇ? ರಸ್ತೆಯಡಿ ಸೇರಿತೇ? ಗಂಗರ ಮಾನ್ಯಪುರವಾಗಿದ್ದ ಮಣ್ಣೆ ನೆಲಮಂಗಲ ತಾಲ್ಲೂಕಿನಲ್ಲಿಯೇ ಇದೆ. ಹತ್ತನೆಯ ತರಗತಿಯ ಹುಡುಗನೊಬ್ಬ ಎರಡು ಭಾನುವಾರ ತಿರುಗಾಡಿ ಮಾಡಿದ ಪಟ್ಟಿಯೂ ವಿದ್ವಾಂಸರಿಗೆ ಉಪಯೋಗವಾದೀತು.

ಕಂಡುಕೊಂಡದ್ದನ್ನು ನಾಲ್ವರ ಮುಂದಿಡಬೇಕು. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಇರುವುದು ಇದಕ್ಕಾಗಿಯೇ. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನದೇ ಸಮಸ್ಯೆಯನ್ನು ಪರಿಶೀಲಿಸಿ, ಜಿಲ್ಲೆಯಲ್ಲಿ, ರಾಜ್ಯದಲ್ಲಿ, ಬಳಿಕ ರಾಷ್ಟ್ರಮಟ್ಟದಲ್ಲಿ ಮಂಡಿಸುತ್ತಾರೆ. ನಮ್ಮ ನಾಡಿನಲ್ಲಿ ಇದನ್ನು ಬೆಳೆಸಿದ ಶ್ರಮದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಪಾಲು ದೊಡ್ಡದು.

ಇನ್ನು ತಂದೆತಾಯಿಯರಿಗೆ ಒಂದು ಮಾತು. “ಪರೀಕ್ಷೆಯ ವರ್ಷ, ಇದೆಲ್ಲ ಏಕೆ?” ಎಂದು ತಡೆಯುವವರುಂಟು. ಇನ್ನು ಕೆಲವರು ಪ್ರೀತಿಯಿಂದಲೇ ಅದಕ್ಕಿಂತ ಹೆಚ್ಚು ಕೇಡು ಮಾಡುತ್ತಾರೆ: ತಾವೇ ರಾತ್ರಿ ಕುಳಿತು ವರದಿ ಬರೆದು, ಬಣ್ಣದ ಹೊದಿಕೆ ಹಾಕಿಸಿ ಮಗುವಿನ ಕೈಗಿಡುತ್ತಾರೆ. ಬಹುಮಾನ ಬಂದೀತು, ಆದರೆ ತೀರ್ಪುಗಾರರು ಎರಡನೆಯ ಪ್ರಶ್ನೆ ಕೇಳಿದಾಗ ಮಗು ತಲೆತಗ್ಗಿಸುತ್ತದೆ.

ಮೇಕೆಯೇ ಕಾರಣವೆಂದು ಹೊರಟವಳು ಎಣಿಕೆ ಮುಗಿಸಿ, “ನನ್ನ ಊಹೆ ತಪ್ಪಾಗಿತ್ತು” ಎಂದು ತನ್ನದೇ ಅಕ್ಷರದಲ್ಲಿ ಬರೆದರೆ, ಆ ಸಾಲನ್ನು ತಿದ್ದಬೇಡಿ. ವರದಿಯಲ್ಲೆಲ್ಲ ಬೆಲೆಯುಳ್ಳ ಸಾಲು ಅದೇ. ಅದನ್ನು ಊರವರ ಮುಂದೆಯೂ ಒಮ್ಮೆ ಓದಿಸಿ. ತೋಪು ಅವರದು, ಅದರ ನಾಳೆಯ ಚಿಂತೆಯೂ ಅವರದೇ.