ವಲಸಿಗ ಪರಿಚಾರಿಕೆಯರ ದೇಹಶ್ರಮ ಮತ್ತು ಮನಃಕ್ಲೇಶ

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಿಂದ ಇಸ್ರೇಲಿಗೆ ಹೋಗಿ ವೃದ್ಧರ ಆರೈಕೆಯಲ್ಲಿ ನಿರತರಾದವರು ಹಲವರುಂಟು. ಫಿಲಿಪ್ಪೀನ್ಸ್, ಶ್ರೀಲಂಕಾ, ನೇಪಾಳಗಳವರಂತೆ ಇವರೂ ರೋಗಿಯ ಮನೆಯಲ್ಲಿಯೇ ನೆಲೆಸಿ ಹಗಲಿರುಳು ಶುಶ್ರೂಷೆ ಮಾಡುವರು. ಹೆಚ್ಚಿನವರು ಸ್ತ್ರೀಯರು. ಅವರು ಊರಿಗೆ ಕಳುಹಿಸುವ ಹಣದ ಮಾತು ನಮ್ಮಲ್ಲಿ ಸಾಕಷ್ಟು ಕೇಳಿಬರುತ್ತದೆ. ಅವರ ದೇಹಸ್ಥಿತಿಯ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಅದನ್ನು ಕುರಿತು ಇಲ್ಲಿ ವಿಚಾರಮಾಡುವೆವು.

ಮೊದಲು ಭಾರದ ಲೆಕ್ಕವನ್ನು ನೋಡೋಣ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಸೂತ್ರದಂತೆ, ಎಲ್ಲ ಅನುಕೂಲಗಳಿದ್ದಾಗಲೂ ಕೈಯಿಂದ ಎತ್ತಬಹುದಾದ ಭಾರದ ಮಿತಿ 23 ಕಿಲೋಗ್ರಾಂ. ಅದು ಪೆಟ್ಟಿಗೆಯಂತಹ ಜಡವಸ್ತುವಿಗೆ ಹೇಳಿದ ಮಾತು. ರೋಗಿಗೆ ಹಿಡಿಕೆಯಿಲ್ಲ; ಆತನು ಹೆದರಿ ಎತ್ತುವವರ ಕೊರಳನ್ನು ಬಿಗಿಹಿಡಿಯಬಹುದು, ಕಾಲು ಸೋತು ಕುಸಿಯಬಹುದು. ಆದಕಾರಣ 2007ರಲ್ಲಿ ಅದೇ ಸಂಸ್ಥೆಯ ಥಾಮಸ್ ವಾಟರ್ಸ್ ಅವರು ರೋಗಿಯನ್ನು ಎತ್ತುವುದಕ್ಕೆ ಸುಮಾರು 16 ಕಿಲೋಗ್ರಾಂ ಮಿತಿಯನ್ನು ಸೂಚಿಸಿದರು. 60 ಕಿಲೋಗ್ರಾಂ ತೂಗುವ ವೃದ್ಧೆಯೊಬ್ಬಳ ಸಂದರ್ಭದಲ್ಲಿ ಈ ಮಿತಿ ಎಲ್ಲಿ ನಿಂತೀತು? ಮೇಲಾಗಿ, ಹಾಸಿಗೆಯ ಮೇಲೆ ಬಾಗಿ ಎತ್ತುವಾಗ ಭಾರವು ಸೊಂಟದಿಂದ ದೂರವಿರುತ್ತದೆ; ಸನ್ನೆಗೋಲಿನ ನ್ಯಾಯದಂತೆ ಬೆನ್ನಿನ ಸ್ನಾಯುಗಳು ಆ ಭಾರದ ಹಲವು ಪಟ್ಟು ಬಲದಿಂದ ಎಳೆಯಬೇಕಾಗುತ್ತದೆ. ಆ ಒತ್ತಡವು ಬೆನ್ನುಮೂಳೆಯ ಕೆಳಭಾಗದ ಬಿಲ್ಲೆಗಳ ಮೇಲೆ ಬೀಳುವುದು. ಸುಸಜ್ಜಿತ ಆಸ್ಪತ್ರೆಯಲ್ಲಿ ಏರಿಳಿಸಬಹುದಾದ ಮಂಚವಿರುತ್ತದೆ, ಕೈಗೂಡಿಸಲು ಮತ್ತೊಬ್ಬ ದಾದಿ ಇರುತ್ತಾಳೆ. ಮನೆಯಲ್ಲಿಯಾದರೋ ತಗ್ಗಾದ ಮಂಚ, ಇಕ್ಕಟ್ಟಾದ ಬಚ್ಚಲು, ಒಬ್ಬಳೇ ಪರಿಚಾರಿಕೆ.

ಭಾರವೊಂದೇ ಕಾರಣವೆಂದರೆ ಅರ್ಧ ಹೇಳಿದಂತಾಯಿತು. ದಣಿದ ಸ್ನಾಯು ಚೇತರಿಸಿಕೊಳ್ಳುವುದು ವಿಶ್ರಾಂತಿಯಿಂದ, ವಿಶೇಷವಾಗಿ ನಿದ್ರೆಯಿಂದ. ಮರೆವಿನ ರೋಗವುಳ್ಳವರು ಇರುಳಿನಲ್ಲಿ ಮೂರು ನಾಲ್ಕು ಸಲ ಎದ್ದರೆ ಪರಿಚಾರಿಕೆಯೂ ಏಳಬೇಕು. ಏಳದ ಇರುಳಿನಲ್ಲಿಯೂ ಕಿವಿ ಎಚ್ಚರವಾಗಿರುತ್ತದೆ. ಹಸುಗೂಸಿನ ತಾಯಂದಿರು ಇದನ್ನು ಬಲ್ಲರು. ಆದರೆ ಮಗು ಬೆಳೆಯುತ್ತದೆ. ಇಲ್ಲಿ ರೋಗಿ ದಿನೇ ದಿನೇ ಕುಗ್ಗುತ್ತಾನೆ, ಎತ್ತುವ ಕೆಲಸ ಹೆಚ್ಚುತ್ತದೆ.

ದುಡಿಮೆ ಮತ್ತು ವಿಶ್ರಾಂತಿಯ ಗಂಟೆಗಳನ್ನು ಕುರಿತ ಕಾನೂನು ಇಸ್ರೇಲಿನಲ್ಲಿ 1951ರಷ್ಟು ಹಿಂದೆಯೇ ಆಯಿತು. ಆದರೆ ಅದರಂತೆ ಹೆಚ್ಚುಗಂಟೆಗಳ ವೇತನವು ಮನೆಯಲ್ಲಿಯೇ ವಾಸಿಸುವ ಪರಿಚಾರಕರಿಗೆ ಸಲ್ಲದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ತೀರ್ಪಿತ್ತಿತು. 2013ರಲ್ಲಿ ಬಹುಮತದಿಂದ ಅದನ್ನೇ ಎತ್ತಿಹಿಡಿಯಿತು. ಇಂತಹವರ ಯಾವ ಗಂಟೆ ದುಡಿಮೆ, ಯಾವುದು ವಿರಾಮ ಎಂದು ಎಣಿಸುವುದು ಸುಲಭವಲ್ಲವೆಂಬುದನ್ನು ನಾವೂ ಒಪ್ಪುವೆವು. ಎಣಿಕೆಯ ಕಷ್ಟವು ದುಡಿಮೆ ನಡೆದಿಲ್ಲವೆಂಬುದಕ್ಕೆ ಸಾಕ್ಷಿಯಾಗಲಾರದು.

ಇನ್ನು ಮನಃಕ್ಲೇಶ. ಒಬ್ಬನೇ ಯಜಮಾನನಿಗೆ ಕೆಲಸಗಾರರನ್ನು ಕಟ್ಟಿಹಾಕುವ ಪದ್ಧತಿಯನ್ನು ಅದೇ ನ್ಯಾಯಾಲಯವು 2006ರಲ್ಲಿ ತಿರಸ್ಕರಿಸಿತ್ತು. 2011ರ ತಿದ್ದುಪಡಿಯೊಂದು ಮನೆ ಬದಲಾಯಿಸುವ ಸ್ವಾತಂತ್ರ್ಯವನ್ನು ಪುನಃ ಬಿಗಿಗೊಳಿಸಿತು. ಬೆನ್ನುನೋವನ್ನು ಹೇಳಿಕೊಂಡರೆ ಕೆಲಸ ಹೋದೀತು, ಕೆಲಸದೊಡನೆ ತಂಗುವ ಕೋಣೆಯೂ ಹೋದೀತು, ಪ್ರಯಾಣಕ್ಕೆಂದು ಮಾಡಿದ ಸಾಲವೊಂದು ಉಳಿದೀತು. ಆದುದರಿಂದ ನೋವನ್ನು ನುಂಗಿ ಮತ್ತೆ ಎತ್ತುತ್ತಾರೆ. ವರ್ಷಗಟ್ಟಲೆ ಮೈತೊಳೆದು ಉಣಿಸಿದ ವೃದ್ಧೆ ತೀರಿಕೊಂಡಳೆಂದರೆ ಪರಿಚಾರಿಕೆಯ ಕೆಲಸವೂ ವಸತಿಯೂ ಒಮ್ಮೆಗೇ ಮುಗಿಯುತ್ತವೆ. ಕಣ್ಣೀರೊರಸಿಕೊಳ್ಳುವ ಮೊದಲೇ ಆಕೆ ಇನ್ನೊಂದು ಮನೆಯನ್ನು ಹುಡುಕಬೇಕಾಗುತ್ತದೆ.